ನಮ್ಮ ಮನೆಯ ಸೌಟು-ಹುಟ್ಟುಗಳು

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ವರುಷಕ್ಕೊಮ್ಮೆ ಕೂಡುವ ಇಂಥ ಸಮಾರಂಭಗಳಲ್ಲಿ ದೇಶ, ಭಾಷೆ, ಶಿಕ್ಷಣ ಮೊದಲಾದ ಘನವಾದ ವಿಷಯಗಳನ್ನು ಕುರಿತು ಮಾತನಾಡುವದು ವಾಡಿಕೆ. ನಾನು ಈ ಹೊತ್ತು ಆರಿಸಿಕೊಂಡಿರುವ ವಿಷಯವಾದರೋ ಒಲೆಯ ಮಗ್ಗುಲಲ್ಲಿ ಗೋಡೆಗೆ ತೂಗುವ ಒಂದು ಅಲ್ಪ ವಸ್ತುವಿಗೆ ಸಂಬಂಧಿಸಿದ್ದು. ಸೌಟು, ಹುಟ್ಟು, ಸಟ್ಟುಗ, ಚಮಚ ಇವೇ ನನ್ನ ಮಾತಿನ ವಸ್ತು. ಇದನ್ನು ಕೇಳಿ ಕೆಲವರು ನಗಬಹುದು. ನಗಲಿ. ಆದರೆ ಈ ಅಲ್ಪ ವಸ್ತುವಿನ ಬೆನ್ನು ಹತ್ತಿ ಹೋದರೆ ದೇಶ, ಭಾಷೆ, ಶಿಕ್ಷಣ ಮೂರೂ ದಾರಿಯಲ್ಲಿ ನಮಗೆ ಎದುರಾಗುವವೆಂಬುದನ್ನು ತೋರಿಸುವದು ನನ್ನ ಉದ್ದೇಶ.

ಅಕ್ಕಲಕೋಟೆಯ ಅರಮನೆಯಲ್ಲಿ ಒಂದು ಶಸ್ತ್ರಾಗಾರವಿದೆ. ನಿಮ್ಮಲ್ಲಿ ಅನೇಕರು ಅದನ್ನು ನೋಡಿರಬಹುದು. ಕತ್ತಿ, ಕಠಾರಿ, ಬಂದೂಕುಗಳನ್ನು ಅಲ್ಲಿ ಆಸ್ಥೆಯಿಂದ ಕಾಪಾಡಿದ್ದಾರೆ. ಅದು ತಪ್ಪಲ್ಲ, ಇತಿಹಾಸದ ಒಂದು ಮುಖವದು. ಆದರೆ ಅದೇ ಅಕ್ಕಲಕೋಟೆಗೆ ದಿನಾಲು ಬರುವ ಸಾವಿರಾರು ಭಕ್ತರಿಗೆ ಸ್ವಾಮಿ ಸಮರ್ಥರ ಅನ್ನಛತ್ರದಲ್ಲಿ ಅನ್ನ ಬಡಿಸುವದು ಕತ್ತಿಯಲ್ಲ, ಸೌಟು. ಕೊಲ್ಲುವ ಸಾಧನಗಳಿಗೆ ಆಗಾರ ಕಟ್ಟಿದ ಮನುಷ್ಯನು ಉಣಿಸುವ ಸಾಧನಗಳನ್ನು ಹಿತ್ತಲಿಗೆ ಎಸೆಯುತ್ತ ಬಂದಿದ್ದಾನೆ. ಇತಿಹಾಸದ ಇನ್ನೊಂದು ಮುಖವು ಹೀಗೆ ನಮ್ಮ ಕಣ್ಣಿಗೆ ಬೀಳದೆ ಹೋಗುವದು.

ಮೊದಲು ಹೆಸರುಗಳನ್ನು ನೋಡೋಣ. ಇಂದು ನಮ್ಮ ಮಕ್ಕಳು ಉದ್ದವಿರಲಿ ಗಿಡ್ಡವಿರಲಿ, ಆಳವಿರಲಿ ಚಪ್ಪಟೆಯಿರಲಿ, ಎಲ್ಲಕ್ಕೂ 'ಚಮಚಾ' ಎಂಬ ಒಂದೇ ಹೆಸರು ಹೇಳುತ್ತಾರೆ. ಚಮಚವು ಪಾರಸಿಯ ಮಾರ್ಗವಾಗಿ ಹಿಂದುಸ್ತಾನಿಗೆ ಬಂದು, ಅಲ್ಲಿಂದ ನಮಗೆ ದೊರೆತ ಮಾತು. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಅದು ಬರುವ ಮೊದಲೇ ಕನ್ನಡ ಅಡಿಗೆಮನೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸಾಧನವೂ ಒಂದೊಂದು ಹೆಸರೂ ಇದ್ದವು. ಸಾರು, ಬೇಳೆಗಳನ್ನು ತೋಡಿ ಬಡಿಸುವದಕ್ಕೆ ಸೌಟು. ನುಚ್ಚು ಅಂಬಲಿಗಳನ್ನು ತಿರುವುವದಕ್ಕೆ ಉದ್ದ ಹಿಡಿಕೆಯ ಮರದ ಹುಟ್ಟು. ಕಾವಲಿಯ ಮೇಲಿನದನ್ನು ಮಗುಚುವದಕ್ಕೆ ಚಪ್ಪಟೆಯಾದ ಸಟ್ಟುಗ. ಮೊಸರನ್ನು ಕಡೆಯಲು ಕಡೆಗೋಲು. ದೇವರಿಗೆ ತೀರ್ಥ ಬಿಡಲು ಉದ್ಧರಣೆ. ಹಸುಗೂಸಿಗೆ ಹಾಲುಣಿಸಲು ಒಳಲೆ. ಕರಾವಳಿಯಲ್ಲಿಯೂ ಕಾಸರಗೋಡಿನ ಕಡೆಯಲ್ಲಿಯೂ ತೆಂಗಿನ ಗೆರಟೆಯ ಸೌಟು. ತುಳುವರು ಅದಕ್ಕೆ ಕೈಲು ಎನ್ನುವರು. ದಕ್ಷಿಣ ಮೈಸೂರಿನ ರಾಗಿಯ ಸೀಮೆಗೆ ಹೋದರೆ ಹಿಟ್ಟು ತೊಳಸಲು ಮುದ್ದೆಕೋಲು.

ಇವುಗಳಲ್ಲಿ 'ಹುಟ್ಟು' ಎಂಬ ಮಾತು ವಿಚಾರಿಸತಕ್ಕದ್ದು. ಅಂಬಿಗನು ದೋಣಿ ನಡೆಸುವ ಸಾಧನಕ್ಕೂ ಹುಟ್ಟು ಎನ್ನುತ್ತೇವೆ, ಗಡಿಗೆಯಲ್ಲಿ ತಿರುವುವ ಮರದ ಸೌಟಿಗೂ ಹುಟ್ಟು ಎನ್ನುತ್ತೇವೆ. ಇದು ಕನ್ನಡದಲ್ಲಿ ಆಕಸ್ಮಿಕವಾಗಿ ಆದದ್ದಲ್ಲ. ನಮ್ಮ ಸೋಲಾಪುರದ ತೆಲುಗು ನೇಕಾರ ಬಂಧುಗಳ 'ತೆಡ್ಡು' ಎಂಬ ಮಾತಿಗೂ ಇವೇ ಎರಡು ಅರ್ಥಗಳುಂಟು. ತಮಿಳಿನ 'ತುಡುಪ್ಪು' ಎಂಬುದಕ್ಕೂ ಅಷ್ಟೇ. ದೋಣಿಯ ಹುಟ್ಟು ಹೊಳೆಯ ನೀರನ್ನು ತಳ್ಳುವದು, ಅಡಿಗೆಯ ಹುಟ್ಟು ಗಡಿಗೆಯ ನೀರನ್ನು ತಳ್ಳುವದು. ಆಕಾರ ಒಂದೇ, ಕೆಲಸವೂ ಒಂದೇ, ಆದುದರಿಂದ ಹೆಸರೂ ಒಂದೇ. ಮೂರು ಭಾಷೆಗಳ ಜನ ಒಂದೇ ರೀತಿಯಲ್ಲಿ ನೋಡಿದರೆಂಬುದಕ್ಕೆ ಈ ಮರದ ತುಂಡು ಸಾಕ್ಷಿಯಾಗಿ ನಿಂತಿದೆ. ಮಗುವು 'ಚಮಚಾ' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿದಾಗ ಕಳೆದುಹೋಗುವದು ಹೆಸರು ಮಾತ್ರವಲ್ಲ. ಆ ನೋಟವೂ ಅದರೊಡನೆ ಹೋಗುವದು.

ಸಂಸ್ಕೃತದಲ್ಲಿ ಸೌಟಿಗೆ 'ದರ್ವಿ' ಎನ್ನುವರು. ಹೆಡೆಯೆತ್ತಿದ ನಾಗರಹಾವು ಸೌಟಿನಂತೆ ಕಾಣುವದರಿಂದ ಅದಕ್ಕೆ 'ದರ್ವೀಕರ'ವೆಂಬ ಹೆಸರು ಬಂದಿತು. ಯಜ್ಞಶಾಲೆಯ ಸೌಟುಗಳ ವಿಷಯದಲ್ಲಂತೂ ನಮ್ಮ ಪೂರ್ವಿಕರು ಒಂದೊಂದಕ್ಕೂ ಬೇರೆ ಬೇರೆ ಮರವನ್ನೇ ಗೊತ್ತುಮಾಡಿದ್ದರು. ಜುಹುವೆಂಬ ಸೌಟಿಗೆ ಮುತ್ತುಗದ ಮರ, ಉಪಭೃತ್ತಿಗೆ ಅರಳಿ, ಸ್ರುವಕ್ಕೆ ಖದಿರ, ಅಂದರೆ ಕಾಚಿನ ಮರ. ನಮ್ಮ ಸೀಮೆಯ ಮದುವೆಗಳಲ್ಲಿ ಮಗಳ ಸಂಗಡ ಕಳಿಸುವ ಹಿತ್ತಾಳೆಯ ಅನ್ನಪೂರ್ಣೆಯ ಮೂರ್ತಿಯನ್ನು ನೋಡಿರಿ. ಆಕೆಯ ಕೈಯಲ್ಲಿ ತ್ರಿಶೂಲವಿಲ್ಲ, ಚಕ್ರವಿಲ್ಲ, ಇರುವದು ಸೌಟು.

ಅದೇ ಸೌಟನ್ನು ಹಿಡಿದು ನಮ್ಮ ಹಿರಿಯರು ಬುದ್ಧಿಯನ್ನೂ ಹೇಳಿದರು. ಮೂರ್ಖನು ಜೀವಮಾನವೆಲ್ಲ ಪಂಡಿತನ ಹತ್ತಿರ ಕುಳಿತರೂ ಧರ್ಮವನ್ನರಿಯನು, ಸೌಟು ಸಾರಿನಲ್ಲಿ ಮುಳುಗಿದ್ದರೂ ಸಾರಿನ ರುಚಿಯನ್ನರಿಯದು ಎಂಬ ಅಭಿಪ್ರಾಯವು ಬೌದ್ಧರ ಧಮ್ಮಪದದಲ್ಲಿ ಬಂದಿದೆ, ಮಹಾಭಾರತದಲ್ಲಿಯೂ ಬಂದಿದೆ. ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವದು ಒಳ್ಳೆಯದು. ಪುಸ್ತಕದಲ್ಲಿ ಮುಳುಗಿದವರೆಲ್ಲ ಪುಸ್ತಕದ ಸವಿಯನ್ನು ಕಂಡವರಲ್ಲ.

ಸೌಟಿನ ಪ್ರಾಚೀನತೆಯನ್ನು ಹೇಳುವದಾದರೆ ಸಿಂಧೂ ನದಿಯ ಬಯಲಿಗೆ ಹೋಗಬೇಕು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಹರಪ್ಪ, ಮೊಹೆಂಜೊದಾರೊ ಪಟ್ಟಣಗಳ ಜನರು ಕಡಲ ಶಂಖವನ್ನು ಕೊರೆದು ಸೌಟು ಮಾಡುತ್ತಿದ್ದರು. ಅಗೆತದಲ್ಲಿ ಅವು ದೊರೆತಿವೆ. ಮರದ ಸೌಟುಗಳು ಅದಕ್ಕೂ ಹಿಂದೆ ಇದ್ದಿರಲೇಬೇಕು. ಆದರೆ ಮರ ಮಣ್ಣಾಗುವದು, ಶಂಖ ಉಳಿಯುವದು. ಬಡವನ ಸಾಧನವು ತನ್ನ ಗುರುತನ್ನು ಬಿಡದೆ ಹೋಗುವದೆಂಬ ದುಃಖದ ಸಂಗತಿಯನ್ನು ಇತಿಹಾಸದ ವಿದ್ಯಾರ್ಥಿಗಳು ಇಲ್ಲಿಯೇ ಕಲಿಯಬಹುದು.

ಇನ್ನು ಮರದ ಸೌಟನ್ನು ಮಾಡುವ ಬಗೆ. ಮರವನ್ನೇ ಏಕೆ ಆರಿಸಿದರು? ಮೊದಲನೆಯದಾಗಿ, ಮರದಲ್ಲಿ ಬಿಸಿಯು ಬೇಗ ಹರಿಯುವದಿಲ್ಲ. ಕುದಿಯುವ ಪಾತ್ರೆಯಲ್ಲಿ ಕಬ್ಬಿಣದ ಸೌಟನ್ನು ಬಿಟ್ಟರೆ ಹಿಡಿಕೆ ಕೈ ಸುಡುವದು, ಮರದ್ದು ಸುಡುವದಿಲ್ಲ. ಎರಡನೆಯದಾಗಿ, ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಒಳಗಡೆ ಕಲಾಯಿ ಹಾಕಿಸುತ್ತಿದ್ದರು. ಲೋಹದ ಸೌಟು ತಾಗಿದರೆ ಕಲಾಯಿ ಕೆರೆದುಹೋಗಿ ಹುಳಿಯ ಪದಾರ್ಥವು ತಾಮ್ರಕ್ಕೆ ಮುಟ್ಟಿ ಕಿಲುಬಾಗುವದು, ಅದು ವಿಷ. ಮರದ ಹುಟ್ಟು ಕಲಾಯಿಯನ್ನು ಕೆಡಿಸುವದಿಲ್ಲ, ಹುಣಸೆಯ ಹುಳಿಗೂ ತಾನು ಕೆಡುವದಿಲ್ಲ. ಮಣ್ಣಿನ ಗಡಿಗೆಗಂತೂ ಮರವೇ ತಕ್ಕ ಸಂಗಾತಿ, ಏಕೆಂದರೆ ಲೋಹದ ಪೆಟ್ಟಿಗೆ ಗಡಿಗೆ ಒಡೆಯುವದು. ರಸಾಯನಶಾಸ್ತ್ರವನ್ನು ಓದದ ನಮ್ಮ ಅಜ್ಜಿಯರು ಇದನ್ನೆಲ್ಲ ಅನುಭವದಿಂದ ಬಲ್ಲವರಾಗಿದ್ದರು.

ಸೌಟು ಕೆತ್ತುವವನು ಮೊದಲು ಮರದ ನಾರಿನ ಓಟವನ್ನು ನೋಡುವನು. ನಾರು ಹಿಡಿಕೆಯ ಉದ್ದಕ್ಕೆ ಹರಿದಿರಬೇಕು; ಅಡ್ಡವಾಗಿದ್ದರೆ ಹಿಡಿಕೆಯೂ ಬಟ್ಟಲೂ ಕೂಡುವ ಕುತ್ತಿಗೆಯಲ್ಲಿ ಸೌಟು ಮುರಿಯುವದು. ತುಂಡಿನ ನಟ್ಟನಡುವಿನ ತಿರುಳನ್ನು ಬಿಟ್ಟುಬಿಡುವನು. ಮರವು ಒಣಗುವಾಗ ಉಂಗುರಗಳ ಸುತ್ತಿನಲ್ಲಿ ಹೆಚ್ಚು, ನಡುವಿನಿಂದ ಹೊರಕ್ಕೆ ಕಡಿಮೆ ಕುಗ್ಗುವದರಿಂದ, ತಿರುಳು ಉಳಿದ ತುಂಡು ಬಿರಿಯದೆ ಇರುವದಿಲ್ಲ. ಕೊಡಲಿಯಿಂದ ಸೀಳಿ, ಬಾಚಿಯಿಂದ ಒರಟು ಆಕಾರ ಕೊಟ್ಟು, ಬಾಗಿದ ಬಾಯಿಯ ಉಳಿಯಿಂದ ಬಟ್ಟಲನ್ನು ತೋಡಿ, ಅರದಿಂದ ಉಜ್ಜಿ ನಯಮಾಡುವನು. ಕಡೆಯಲ್ಲಿ ಎಣ್ಣೆ. ಇಲ್ಲಿಯೂ ನಮ್ಮ ಸೋಲಾಪುರದ ಭಾಗ್ಯ ದೊಡ್ಡದು. ಕುಸುಬೆ ನಮ್ಮ ಎರೆಭೂಮಿಯ ಬೆಳೆ. ಇಲ್ಲಿಯ ಕೃಷಿಸಂಶೋಧನ ಕೇಂದ್ರದಲ್ಲಿ ಅದರ ಮೇಲೆ ಬಹುಕಾಲದಿಂದ ಸಂಶೋಧನೆ ನಡೆದಿದೆ. ಶೇಂಗಾದೆಣ್ಣೆಯು ಮರದ ಮೇಲೆ ಜಿಡ್ಡಾಗಿಯೇ ಉಳಿಯುವದು. ಕುಸುಬೆಯ ಎಣ್ಣೆಯಾದರೋ ತೆಳುವಾಗಿ ಸವರಿ ಗಾಳಿಗಿಟ್ಟರೆ ನಿಧಾನವಾಗಿ ಒಣಗಿ ಪದರುಗಟ್ಟಿ ಮರವನ್ನು ಕಾಯುವದು.

ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ನೀವೆಲ್ಲ ಕಂಡಿದ್ದೀರಿ. ಹಾಲೆಮರದ ತುಂಡನ್ನು ತಿರುಗಣಿಗೆ ಕೊಟ್ಟು, ಅದು ಗಿರ್ರನೆ ತಿರುಗುವಾಗ ಅರಗಿನ ಬಣ್ಣವನ್ನು ಒತ್ತಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವದು. ಮೇಲೆ ಕೇದಗೆಯ ಗರಿಯಿಂದ ಹೊಳಪು ಕೊಡುವರು. ಬುಗುರಿ, ಬಟ್ಟಲು, ಡಬ್ಬಿಗಳು ಹೀಗೆ ಸುಲಭವಾಗಿ ಆಗುವವು. ಸೌಟು ಮಾತ್ರ ಹೀಗೆ ಪೂರ್ತಿಯಾಗಿ ಆಗಲಾರದು. ಅದರ ಬಟ್ಟಲಿನ ಗುಂಡಿಯೂ ಹಿಡಿಕೆಯೂ ಒಂದೇ ಅಚ್ಚಿನ ಸುತ್ತ ಇರುವದಿಲ್ಲ. ಆದುದರಿಂದ ಸೌಟು ಮಾಡುವವನು ಕೈಯನ್ನೇ ನಂಬಬೇಕು. ಅದಕ್ಕೆಂದೇ ಕೈಯಿಂದ ಕೆತ್ತಿದ ಎರಡು ಸೌಟುಗಳು ಒಂದೇ ತೆರನಾಗಿ ಇರುವದಿಲ್ಲ.

ಈ ಕೆತ್ತನೆಯ ಕಸುಬು ಇಂದಿಗೂ ನಡೆದಿರುವ ಒಂದು ಊರೆಂದರೆ ಆಂಧ್ರದ ನೆಲ್ಲೂರು ಜಿಲ್ಲೆಯ ಉದಯಗಿರಿ. ಅಲ್ಲಿಯ ಕುಶಲಕರ್ಮಿಗಳು ಸುತ್ತಲಿನ ಬೆಟ್ಟದ ಕಾಡುಮರಗಳಿಂದ ಸೌಟು, ಚಮಚ, ಮುಳ್ಳುಚಮಚಗಳನ್ನು ಕೆತ್ತುತ್ತಾರೆ. ಹಿಡಿಕೆಯ ಮೇಲೆ ಸೂಕ್ಷ್ಮವಾದ ಜಾಲರಿಯನ್ನು ಕೊರೆಯುತ್ತಾರೆ. ಈ ಕೆಲಸಕ್ಕೆ ಸರಕಾರದ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ, ನಮ್ಮ ಸೋಲಾಪುರಿ ಚಾದರಿಗೆ ದೊರೆತಂತೆಯೇ. ಉದಯಗಿರಿ ಕನ್ನಡಿಗರಿಗೆ ಅಪರಿಚಿತವಾದ ಊರಲ್ಲ. ಕೃಷ್ಣದೇವರಾಯನು ೧೫೧೪ರಲ್ಲಿ ಅಲ್ಲಿಯ ದುರ್ಗವನ್ನು ಗೆದ್ದು, ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು, ೧೫೧೫ರಲ್ಲಿ ವಿಜಯನಗರದಲ್ಲಿ ಪ್ರತಿಷ್ಠೆಮಾಡಿದನು. ಹಂಪೆಯ ಕೃಷ್ಣದೇವಾಲಯ ಅದರದೇ. ಬೆಣ್ಣೆಗಳ್ಳ ಕೃಷ್ಣನು ಯಾವ ಊರಿನಿಂದ ಬಂದನೋ ಆ ಊರಿನಲ್ಲಿ ಇಂದು ಸೌಟು ಕೆತ್ತುತ್ತಿದ್ದಾರೆಂಬುದು ಸಂತೋಷದ ಸಂಗತಿ.

ನಮ್ಮ ಊರಿನ ಸಿದ್ಧರಾಮರು ಕೆರೆಯ ಕೆಲಸವನ್ನು ಶಿವಪೂಜೆಯೆಂದು ಬಗೆದವರು. ಅವರ ಕಾಲದ ಶರಣರಲ್ಲಿ ಬಾಚಿಕಾಯಕದ ಬಸವಣ್ಣನೆಂಬ ಬಡಗಿಯೊಬ್ಬನಿದ್ದನು, ಅವನೂ ವಚನಕಾರನು. ಬಾಚಿಯನ್ನೇ ಹೆಸರಿನಲ್ಲಿ ಹೊತ್ತವನಿಗೆ ಅನುಭವ ಮಂಟಪದ ಪರಂಪರೆಯಲ್ಲಿ ಸ್ಥಾನವಿತ್ತು. ಇಂದು ನಮ್ಮ ಶಾಲೆಗಳಲ್ಲಿ ಬಾಚಿ ಹಿಡಿಯುವ ಕೈಗೆ ಲೇಖನಿ ಹಿಡಿಯುವ ಕೈಯಷ್ಟು ಗೌರವವುಂಟೆ? ಈ ಪ್ರಶ್ನೆಯನ್ನು ಗುರುಬಂಧುಗಳ ಮುಂದೆ ವಿನಯದಿಂದ ಇಡುತ್ತೇನೆ.

ಸೌಟಿನ ಸ್ತುತಿಯನ್ನು ಮಾತ್ರ ಮಾಡಿ ಕೂತರೆ ಅರ್ಧ ಸತ್ಯ ಹೇಳಿದಂತಾದೀತು. ಉದ್ದ ಹಿಡಿಕೆಯ ಸೌಟು ಬಿಸಿಯಿಂದ ಕೈಯನ್ನು ದೂರವಿಟ್ಟಂತೆ ಮನುಷ್ಯನಿಂದ ಮನುಷ್ಯನನ್ನೂ ದೂರವಿಟ್ಟಿತು. ಮೇಲಿನಿಂದ ಎತ್ತಿ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದವರು, ತಾಗದಂತೆ ಎತ್ತರದಿಂದ ಬಡಿಸಿದ ಅನ್ನವನ್ನು ಉಂಡವರು ಈ ದೇಶದಲ್ಲಿ ಲಕ್ಷಾವಧಿ ಜನ. ದಕ್ಷಿಣದ ಹಲವು ಕಡೆಗಳಲ್ಲಿ ದಲಿತ ಬಂಧುಗಳಿಗೆ ಚಹವನ್ನು ತೆಂಗಿನ ಕರಟದಲ್ಲಿ ಕೊಡುತ್ತಿದ್ದರು. ನಾನು ಈಗ ತಾನೆ ಮೆಚ್ಚಿ ಹೇಳಿದ ಅದೇ ಗೆರಟೆ ಅಲ್ಲಿ ಅಪಮಾನದ ಪಾತ್ರೆಯಾಯಿತು. ಸಂವಿಧಾನದ ೧೭ನೆಯ ಕಲಮು ಅಸ್ಪೃಶ್ಯತೆಯನ್ನು ರದ್ದುಮಾಡಿತು. ೧೯೫೫ರ ಕಾಯಿದೆಯು ಅದನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು. ಕಾಯಿದೆಯು ಮಾಡಿದ ಕೆಲಸವನ್ನು ಪಂಕ್ತಿಯಲ್ಲಿ ಬಡಿಸುವ ಕೈ ಪೂರ್ಣಗೊಳಿಸಬೇಕು. ಸೌಟು ಯಾರ ಎಲೆಗೆ ಎಷ್ಟು ಬಾಗಿತು ಎಂಬುದರಿಂದ ಒಂದು ಸಮಾಜದ ಸಂಸ್ಕೃತಿಯನ್ನು ಅಳೆಯಬಹುದು. ಅದರಂತೆ, ಮನೆಯಲ್ಲಿ ಸೌಟು ಹಿಡಿಯುವ ಕೈ ಯಾವಾಗಲೂ ಹೆಣ್ಣುಮಕ್ಕಳದೇ ಆಗಿರಬೇಕೆಂಬ ನಿಯಮವನ್ನು ಯಾವ ಶಾಸ್ತ್ರಕಾರನೂ ಒಲೆಯ ಮುಂದೆ ನಿಂತು ಬರೆಯಲಿಲ್ಲ. ಗಂಡುಹುಡುಗರು ಇದನ್ನು ಕೇಳಿಸಿಕೊಂಡರೆ ಒಳ್ಳೆಯದು.

ಈಗ ಎಲ್ಲಕ್ಕೂ ಚಿಕ್ಕದಾದ ಸಾಧನದ ಕಡೆಗೆ ಬರುತ್ತೇನೆ. ಒಳಲೆ ಎಂಬುದು ಕೊಕ್ಕಿನಂತೆ ಮುಂದಕ್ಕೆ ಚಾಚಿದ ತುಟಿಯುಳ್ಳ ಪುಟ್ಟ ಬಟ್ಟಲು. ತಮಿಳರು ಅದನ್ನು ಪಾಲಾಡೈ ಎನ್ನುವರು. ಸೀಸೆಯೂ ರಬ್ಬರಿನ ತೊಟ್ಟೂ ಬಂದ ಮೇಲೆ ಇದು ಹಳೆಯ ಕಾಲದ್ದೆಂದು ಮೂಲೆ ಸೇರಿತು. ಆದರೆ ವೈದ್ಯಶಾಸ್ತ್ರವು ಅದನ್ನು ಮತ್ತೆ ಕೈಗೆತ್ತಿಕೊಂಡಿದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ, ಅಂದರೆ ಸುಮಾರು ೩೪ ವಾರಗಳಿಗಿಂತ ಮೊದಲು ಜನಿಸಿದವುಗಳಿಗೆ, ಹೀರುವದು, ನುಂಗುವದು, ಉಸಿರಾಡುವದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವದಿಲ್ಲ. ನುಂಗಬಲ್ಲ, ಆದರೆ ಹೀರಲಾರದ ಇಂಥ ಕೂಸುಗಳಿಗೆ ತಾಯಿಯ ಹಾಲನ್ನೇ ಹಿಂಡಿ, ಒಳಲೆಯಿಂದಲೋ ಚಮಚದಿಂದಲೋ ತುಟಿಯಂಚಿಗೆ ತೊಟ್ಟು ತೊಟ್ಟಾಗಿ ಬಿಟ್ಟು ಕುಡಿಸುವ ಪದ್ಧತಿಯನ್ನು ನಮ್ಮ ದೇಶದ ಆಸ್ಪತ್ರೆಗಳ ನವಜಾತ ಶಿಶುಗಳ ಕೋಣೆಗಳಲ್ಲಿ ಅನುಸರಿಸುತ್ತಾರೆ. ಜಾಗತಿಕ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿದೆ. ಸೀಸೆಯ ತೊಟ್ಟಿಗಿಂತ ಒಳಲೆಯನ್ನು ತೊಳೆದು ಕುದಿಸುವದು ಸುಲಭ; ಅದರಲ್ಲಿ ರೋಗಾಣುಗಳು ಅಡಗುವ ಸಂದಿಗಳಿಲ್ಲ. ಆದರೆ ತಾಯಂದಿರು ಒಂದು ಮಾತನ್ನು ಮರೆಯಬಾರದು: ಮೊದಲ ಆರು ತಿಂಗಳು ಒಳಲೆಯಲ್ಲಿ ಇರಬೇಕಾದುದು ತಾಯಿಯ ಹಾಲು ಮಾತ್ರ. ವೈದ್ಯರು ಹೇಳಿದ ಔಷಧವನ್ನು ಬಿಟ್ಟು ಜೇನು, ಸಕ್ಕರೆನೀರು, ಗುಟ್ಟಿಗಳಿಗೆ ಅಲ್ಲಿ ಎಡೆಯಿಲ್ಲ.

ಚಮಚವು ಅಳತೆಯೂ ಹೌದು. ವಾಂತಿಭೇದಿಯಾದ ಮಗುವಿಗೆ ಪೊಟ್ಟಣದ ಔಷಧ ದೊರೆಯದಿದ್ದಾಗ ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಮತಟ್ಟಾದ ಚಹಚಮಚ ಸಕ್ಕರೆ, ಅರ್ಧ ಚಹಚಮಚ ಉಪ್ಪು ಬೆರಸಿ ಕುಡಿಸಬೇಕೆಂದು ಹೇಳುತ್ತಾರೆ. ಸಮತಟ್ಟು ಎಂಬ ಮಾತಿಗೆ ಇಲ್ಲಿ ಜೀವದ ಬೆಲೆಯಿದೆ. ಉಪ್ಪು ಹೆಚ್ಚಾದರೆ ಅಪಾಯ. ಶಾಸ್ತ್ರದ ಚಹಚಮಚವೆಂದರೆ ೫ ಮಿಲಿಲೀಟರು. ಮನೆಮನೆಯ ಚಮಚಗಳಾದರೋ ಒಂದು ದೊಡ್ಡದು, ಒಂದು ಚಿಕ್ಕದು. ಆದುದರಿಂದ ಸೀಸೆಯ ಔಷಧವನ್ನು ಗೆರೆಗಳಿರುವ ಅಳತೆಯ ಮುಚ್ಚಳಿಕೆಯಿಂದಲೇ ಕೊಡತಕ್ಕದ್ದು. ವಿಜ್ಞಾನದ ತರಗತಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಚಮಚವನ್ನು ತಂದು ಅದು ಎಷ್ಟು ನೀರು ಹಿಡಿಯುವದೆಂದು ಅಳೆದು ಬರೆದರೆ, ಒಂದು ಗಂಟೆಯಲ್ಲಿ ಅವನು ಕಲಿಯುವದು ಜೀವಮಾನಕ್ಕೆ ಸಾಲುವದು.

ಇನ್ನು ಸಂಗ್ರಹ ಮತ್ತು ಪುಸ್ತಕಗಳ ಮಾತು. ಯುರೋಪಿನ ಜನರು ಇಂಥ ಅಲ್ಪವಸ್ತುಗಳನ್ನು ಎಷ್ಟು ಆದರದಿಂದ ಕಂಡಿದ್ದಾರೆಂಬುದನ್ನು ನೋಡಿರಿ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ತರುಣನು ತಾನು ಒಲಿದ ಕನ್ಯೆಗೆ ಮರದ ಚಮಚವನ್ನು ಕೆತ್ತಿ ಕೊಡುವ ಪದ್ಧತಿಯಿತ್ತು. ಒಂದೇ ತುಂಡಿನಲ್ಲಿ ಸರಪಳಿಯನ್ನೂ, ಪಂಜರದೊಳಗೆ ಉರುಳುವ ಗುಂಡನ್ನೂ ಕೊರೆದು ತನ್ನ ಕೈಯ ಕುಶಲತೆಯನ್ನು ತೋರಿಸುತ್ತಿದ್ದನು. ಹಾಗೆ ೧೬೬೭ ಎಂದು ವರುಷವನ್ನು ಕೊರೆದಿರುವ ಚಮಚವೊಂದು ಕಾರ್ಡಿಫ್ ನಗರದ ಹತ್ತಿರದ ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಇಂಗ್ಲಂಡಿನ ಎಡ್ವರ್ಡ್ ಪಿಂಟೊ ಎಂಬವರು ಪತ್ನಿಯೊಡನೆ ಕೂಡಿ ಮರದ ಮನೆಬಳಕೆಯ ವಸ್ತುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸಂಗ್ರಹಿಸಿದರು. ಅವು ೧೯೬೫ರಲ್ಲಿ ಬರ್ಮಿಂಗಹ್ಯಾಮ್ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಅವುಗಳನ್ನು ಆಧರಿಸಿ ಪಿಂಟೊ ಬರೆದ ದೊಡ್ಡ ಗ್ರಂಥವು ೧೯೬೯ರಲ್ಲಿ ಹೊರಬಂದಿತು. ಸ್ವೀಡನ್ನಿನ ವಿಲ್ಲೆ ಸುಂಡ್‌ಕ್ವಿಸ್ಟ್ ಎಂಬ ಕುಶಲಕರ್ಮಿಯು ಚಾಕು ಕೊಡಲಿಗಳಿಂದ ಕೆತ್ತುವ ವಿಧಾನವನ್ನು ಚಿತ್ರಸಹಿತವಾಗಿ ಬರೆದನು. ಅವನ ಪುಸ್ತಕವು ಇಂಗ್ಲಿಷಿನಲ್ಲಿಯೂ ಬಂದು, ನಾನಾ ದೇಶಗಳ ತರುಣರು ಅದನ್ನು ಓದಿ ಚಮಚ ಕೆತ್ತಲು ಕಲಿತರು. ಕೈಯಲ್ಲಿದ್ದ ವಿದ್ಯೆಯು ಹೀಗೆ ಪುಸ್ತಕಕ್ಕೆ ಬಂದು, ಪುಸ್ತಕದಿಂದ ಮತ್ತೆ ಸಾವಿರ ಕೈಗಳಿಗೆ ಇಳಿಯಿತು.

ನಮ್ಮಲ್ಲಿ ಇಂಥವರಿಲ್ಲವೆಂದಲ್ಲ. ನಮ್ಮ ನೆರೆಯ ಪುಣೆಯ ದಿನಕರ ಕೇಳಕರರು 'ಅಜ್ಞಾತವಾಸಿ' ಎಂಬ ಹೆಸರಿನಿಂದ ಮರಾಠಿಯಲ್ಲಿ ಕವಿತೆ ಬರೆದವರು. ೧೯೨೦ರ ಸುಮಾರಿನಿಂದ ಊರೂರು ಅಲೆದು ದೀಪ, ಅಡಕೊತ್ತು, ಪಾತ್ರೆ, ಬಾಗಿಲುಗಳನ್ನು ಕೂಡಹಾಕಿದರು. ಎಳೆವಯಸ್ಸಿನಲ್ಲಿ ತೀರಿಕೊಂಡ ಮಗ ರಾಜನ ಹೆಸರನ್ನು ಆ ಸಂಗ್ರಹಾಲಯಕ್ಕೆ ಇಟ್ಟು, ೧೯೭೫ರಲ್ಲಿ ಎಲ್ಲವನ್ನೂ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿಬಿಟ್ಟರು. ಅಹಮದಾಬಾದಿನಲ್ಲಿ ೧೯೮೧ರಲ್ಲಿ ಸುರೇಂದ್ರ ಪಟೇಲರು ಪಾತ್ರೆಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಕರ್ನಾಟಕದಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕವನ್ನೂ, ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವನ್ನೂ ವಿದ್ಯಾರ್ಥಿಗಳು ಪ್ರವಾಸದಲ್ಲಿ ಅವಶ್ಯವಾಗಿ ನೋಡಬೇಕು.

ಕನ್ನಡದಲ್ಲಿ ಅಡಿಗೆಯ ಶಾಸ್ತ್ರಕ್ಕೆ ಹಿಂದಿನಿಂದಲೂ ಮನ್ನಣೆಯಿತ್ತು. ಕ್ರಿ. ಶ. ೧೦೨೫ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಪಾಕದ ಅಧ್ಯಾಯವಿದೆ. ಹದಿನಾರನೆಯ ಶತಮಾನದ ಮಂಗರಸನು ಸೂಪಶಾಸ್ತ್ರವನ್ನೇ ಬರೆದನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಪ್ರಕರಣವುಂಟು. ಆದರೆ ಇವು ಪಾಕದ ಪುಸ್ತಕಗಳು. ಸೌಟಿನ ಪುಸ್ತಕವನ್ನು ನಾವು ಬರೆಯಬೇಕಾಗಿದೆ. ಅದರ ಸಾಮಗ್ರಿಯೆಲ್ಲ ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟಿನಲ್ಲಿ ಅಷ್ಟು, ಮುದುಕಿಯರ ನಾಲಗೆಯ ಮೇಲೆ ಅಷ್ಟು ಚದರಿ ಬಿದ್ದಿದೆ. ನಿಘಂಟು ಕಪಾಟಿನಲ್ಲಿ ಉಳಿದೀತು; ಮುದುಕಿಯರು ನಮಗಾಗಿ ಕಾಯುತ್ತ ಕೂಡ್ರಲಾರರು.

ಕಾಲವು ಎಷ್ಟು ಬೇಗ ಬದಲಾಯಿತೆಂಬುದನ್ನು ಸೌಟಿನಲ್ಲಿಯೇ ಕಾಣಬಹುದು. ಕರೆಹಿಡಿಯದ ಉಕ್ಕು, ನಾವು ಸ್ಟೀಲ್ ಎನ್ನುವದು, ೧೯೧೩ರಲ್ಲಿ ಇಂಗ್ಲಂಡಿನ ಶೆಫೀಲ್ಡಿನಲ್ಲಿ ಸಿದ್ಧವಾಯಿತು; ಕಳೆದ ಶತಮಾನದ ಉತ್ತರಾರ್ಧದಲ್ಲಿ ಅದು ನಮ್ಮ ಮನೆಗಳನ್ನೆಲ್ಲ ತುಂಬಿತು. ಅದರಿಂದ ಉಪಕಾರವೇ ಆಗಿದೆ. ಕಲಾಯಿಯ ತೊಂದರೆ ತಪ್ಪಿತು, ಬಡವನ ಮನೆಗೂ ಶುಭ್ರವಾದ ಪಾತ್ರೆ ಬಂದಿತು. ಅದರ ಹಿಂದೆಯೇ ಬಂದ ಪ್ಲಾಸ್ಟಿಕ್ ಚಮಚವು ಮಾತ್ರ ಐದು ನಿಮಿಷ ಉಪಯೋಗವಾಗಿ ನೂರಾರು ವರ್ಷ ಮಣ್ಣಿನಲ್ಲಿ ಕೊಳೆಯದೆ ಉಳಿಯುವ ಪೀಡೆಯಾಯಿತು. ಮಹಾರಾಷ್ಟ್ರದಲ್ಲಿ ೨೦೧೮ರಲ್ಲಿಯೇ ಇಂಥ ವಸ್ತುಗಳಿಗೆ ನಿಷೇಧ ಬಂದಿತು. ೨೦೨೨ರ ಜುಲೈ ೧ರಿಂದ ಇಡೀ ದೇಶದಲ್ಲಿ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟಗಳು ನಿಷಿದ್ಧವಾದವು. ಇದಕ್ಕೆ ಮೊದಲೇ ಹೈದರಾಬಾದಿನ ನಾರಾಯಣ ಪೀಸಪಾಟಿಯವರು ಜೋಳದ ಹಿಟ್ಟಿನಿಂದ ಚಮಚ ಮಾಡಿ, ಉಂಡ ಮೇಲೆ ಚಮಚವನ್ನೂ ತಿನ್ನಬಹುದೆಂದು ತೋರಿಸಿದ್ದರು. ಮಂಗಳವೇಢೆಯ ಜೋಳವನ್ನುಂಡು ಬೆಳೆದ ನಮಗೆ ಇದು ಹೊಳೆಯಬಾರದಿತ್ತೆ? ರೊಟ್ಟಿಯ ಚೂರನ್ನೇ ಮಡಿಚಿ ಪಲ್ಯವನ್ನು ತೋಡಿ ತಿನ್ನುವ ನಾವು ತಲೆತಲಾಂತರದಿಂದ ಜೋಳದ ಚಮಚದಲ್ಲಿಯೇ ಉಣ್ಣುತ್ತಿದ್ದೇವೆ!

ಮಹನೀಯರೆ, ಮಾತು ಮುಗಿಸುವ ಮೊದಲು ಒಂದು ಸೂಚನೆಯನ್ನು ಮುಂದಿಡುವೆನು. ಈ ಶಾಲೆಯಲ್ಲಿ ಒಂದು ಕಪಾಟನ್ನ ಸೌಟುಗಳಿಗಾಗಿ ಬಿಟ್ಟುಕೊಡಿರಿ. ಹಣ ಬೇಡ, ಕಟ್ಟಡ ಬೇಡ. ಮಕ್ಕಳು ಮನೆಯಲ್ಲಿ ಬಳಕೆ ತಪ್ಪಿದ ಸೌಟು, ಹುಟ್ಟು, ಕಡೆಗೋಲು, ಒಳಲೆಗಳನ್ನು ಹಿರಿಯರ ಒಪ್ಪಿಗೆ ಪಡೆದು ತರಲಿ. ಕೊಡಲು ಮನಸ್ಸಿಲ್ಲದವರನ್ನು ಪೀಡಿಸಬಾರದು. ಅಂಥಲ್ಲಿ ಚಿತ್ರ ಬರೆದುಕೊಂಡು ಬಂದರೆ ಸಾಕು. ಒಂದೊಂದು ವಸ್ತುವಿಗೆ ಒಂದೊಂದು ಚೀಟಿ ಇರಲಿ. ಅದರಲ್ಲಿ ವಸ್ತುವಿನ ಹೆಸರನ್ನು ಅಜ್ಜಿ ಹೇಳಿದ ಹಾಗೆಯೇ ಬರೆಯಬೇಕು. 'ಸವಟ' ಎಂದರೆ 'ಸವಟ' ಎಂದೇ ಬರೆಯಬೇಕು, ತಿದ್ದಬಾರದು. ಯಾವ ಮರ, ಯಾರು ಮಾಡಿದ್ದು, ಗಡ್ಡೆಯ ಜಾತ್ರೆಯಲ್ಲಿ ಕೊಂಡದ್ದೋ ತವರಿನಿಂದ ಬಂದದ್ದೋ, ಯಾವ ಅಡಿಗೆಗೆ ಬಳಸಿದ್ದು ಎಂಬುದೂ ಇರಲಿ. ಕೆಳಗೆ ನೆರೆಮನೆಯವರ ಮಾತುಗಳೂ ಬರಲಿ: ಮರಾಠಿಯ ಪಳಿ, ಡಾವ, ಉಲಥನೆ, ತೆಲುಗಿನ ಗರಿಟೆ, ಉರ್ದುವಿನ ಡೋಯಿ, ಕಫಗೀರ್. ನಾಲ್ಕು ಭಾಷೆಗಳ ಈ ಊರಿನಲ್ಲಿ ಕನ್ನಡವು ಉಳಿಯಬೇಕಾದುದು ನೆರೆಯವರ ಮಾತನ್ನು ದೂರವಿಟ್ಟಲ್ಲ, ಅದರ ಪಕ್ಕದಲ್ಲಿ ತನ್ನ ಮಾತನ್ನೂ ಸರಿಯಾಗಿ ಬರೆದಿಟ್ಟು.

ಇನ್ನೊಂದು ಮಾತು. ಬಂದ ಸೌಟನ್ನು ಉಜ್ಜಿ ಹೊಸದರಂತೆ ಮಾಡಬೇಡಿರಿ. ಹಳೆಯ ಹುಟ್ಟಿನ ತುದಿಯನ್ನು ನೋಡಿದರೆ ಅದು ಒಂದು ಕಡೆಗೆ ಮಾತ್ರ ಸವೆದಿರುವದು. ತಿರುವಿದ ಕೈ ಬಲಗೈಯೋ ಎಡಗೈಯೋ ಎಂಬುದು ಆ ಸವೆತದಿಂದ ತಿಳಿಯುವದು. ಇಪ್ಪತ್ತು ಮೂವತ್ತು ವರುಷ ದಿನಾಲು ಎರಡು ಹೊತ್ತು ಗಡಿಗೆಯ ತಳಕ್ಕೆ ಉಜ್ಜಿ ಉಜ್ಜಿ ಮರದ ಒಂದು ಮಗ್ಗುಲು ಕರಗಿಹೋಗಿದೆ. ಅವಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ, ಯಾವ ಪುಸ್ತಕದಲ್ಲಿಯೂ ಇಲ್ಲ. ಅವಳು ಬರೆದಿಟ್ಟುಹೋದದ್ದು ಅದೊಂದೇ. ಅದನ್ನು ಓದಲು ಕಲಿಸುವದೂ ಶಾಲೆಯ ಕೆಲಸವೆಂದು ನಾನು ತಿಳಿಯುತ್ತೇನೆ.